ಜರ್ಮನ್, ಜಪಾನಿ ಕಲಿಯಲು ಕನ್ನಡವೇ ಹತ್ತಿರದ ದಾರಿ

ಬೆಂಗಳೂರಿನ ಶಾಲೆಗಳಲ್ಲಿ ಜರ್ಮನ್ ಆರಿಸಿಕೊಂಡ ಮಕ್ಕಳು ‘ನನಗೆ ಚಳಿಯಾಗ್ತಿದೆ’ ಎನ್ನಬೇಕಾದ ಕಡೆ ಮೊದಲ ವರ್ಷ ಸಾಮಾನ್ಯವಾಗಿ ‘ಇಶ್ ಬಿನ್ ಕಾಲ್ಟ್’ ಎನ್ನುತ್ತಾರೆ. ಇಂಗ್ಲಿಷಿನ ‘ಐ ಆಮ್ ಕೋಲ್ಡ್’ ಅನ್ನು ಪದಕ್ಕೆ ಪದ ಇಳಿಸಿದ ವಾಕ್ಯ ಅದು. ಜರ್ಮನ್ನರ ಕಿವಿಗೆ ಅದು ‘ನನ್ನದು ಕಲ್ಲು ಮನಸ್ಸು’ ಎಂಬಂತೆ ಕೇಳಿಸಬಹುದು. ಸರಿಯಾದ ಮಾತು ‘ಮಿಯರ್ ಇಸ್ಟ್ ಕಾಲ್ಟ್’. ‘ಮಿಯರ್’ ಎಂದರೆ ‘ನನಗೆ’. ಚಳಿಯನ್ನು ‘ನಾನು’ ಅಲ್ಲ, ‘ನನಗೆ’ ಎಂದು ಹೇಳುವ ರೂಢಿ ಕನ್ನಡದ ಮಗುವಿಗೆ ಮಾತು ಬಂದಾಗಿನಿಂದಲೂ ಇದೆ. ಆದರೂ ಜರ್ಮನ್ ತರಗತಿಯಲ್ಲಿ ಅದು ನೆನಪಿಗೆ ಬರುವುದಿಲ್ಲ.

ಇದಕ್ಕೆ ಕಾರಣ ಸೋಮಾರಿತನವಲ್ಲ. ಮೂರನೆಯ ಭಾಷೆ ಕಲಿಯುವಾಗ ಮಿದುಳು ಮನೆಮಾತನ್ನು ಬದಿಗಿಟ್ಟು, ಈ ಮೊದಲು ‘ಕಲಿತ’ ಭಾಷೆಯ ಕಡೆಗೆ ಕೈಚಾಚುತ್ತದೆ. ಸಾರಾ ವಿಲಿಯಮ್ಸ್ ಮತ್ತು ಬ್ಯೋರ್ನ್ ಹಮ್ಮರ್‌ಬರ್ಗ್ 1998ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಇಂಗ್ಲಿಷ್ ಮನೆಮಾತಿನ ವಿಲಿಯಮ್ಸ್ ಸ್ವೀಡಿಷ್ ಕಲಿಯುವಾಗ, ಹೊಸ ಪದಗಳನ್ನು ಕಟ್ಟುವಲ್ಲಿ ಅವರಿಗೆ ಅರಿವಿಲ್ಲದೆಯೇ ನುಸುಳುತ್ತಿದ್ದದ್ದು ಮುಖ್ಯವಾಗಿ ಜರ್ಮನ್, ಅಂದರೆ ಅವರು ಮೊದಲೇ ಕಲಿತಿದ್ದ ಪರಭಾಷೆ. ನಮ್ಮ ಮಕ್ಕಳಿಗೆ ಆ ಜಾಗದಲ್ಲಿ ಇಂಗ್ಲಿಷ್ ಇದೆ. ಜೊತೆಗೆ ಪಠ್ಯಪುಸ್ತಕದ ಅರ್ಥ, ಶಿಕ್ಷಕರ ವಿವರಣೆ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷಿನಲ್ಲೇ ಇರುವುದರಿಂದ ಆ ಎಳೆತ ಇನ್ನಷ್ಟು ಬಲವಾಗುತ್ತದೆ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಜರ್ಮನ್ನಿನ ಸಾವಿರಾರು ಪದಗಳು ಇಂಗ್ಲಿಷಿಗೆ ಹತ್ತಿರದವು, ಫ್ರೆಂಚ್ ಪದಗಳೂ ಹಾಗೆಯೇ. ಪದಗಳಿಗೆ ಇಂಗ್ಲಿಷ್ ನೆರವಾಗಲಿ. ವಾಕ್ಯ ಕಟ್ಟುವಾಗ, ಬಾಯಿ ಹೊರಳಿಸುವಾಗ, ಎದುರಿನವರಿಗೆ ಮರ್ಯಾದೆ ತೋರುವಾಗ ಕನ್ನಡದಿಂದ ನೇರವಾಗಿ ಹೊರಟರೆ ಬಹಳ ಕಡೆ ದಾರಿ ಹತ್ತಿರವಾಗುತ್ತದೆ.

ವಯಸ್ಸು ಮೀರಿತೇ ಎಂದು ಹೆತ್ತವರು ಕೇಳುವುದುಂಟು. ಮೀರಿಲ್ಲ. ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿದ್ದ ಇಂಗ್ಲಿಷ್ ಭಾಷಿಕರನ್ನು ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್ನಾಖೆಲ್-ಹೋಲೆ 1978ರಲ್ಲಿ ಅಧ್ಯಯನ ಮಾಡಿದಾಗ, ಡಚ್ ಭಾಷೆಯನ್ನು ಮೊದಲ ತಿಂಗಳುಗಳಲ್ಲಿ ಬೇಗ ಹಿಡಿದವರಲ್ಲಿ 12ರಿಂದ 15 ವರ್ಷದವರು ಮುಂದಿದ್ದರು. ಮೂರರಿಂದ ಐದು ವರ್ಷದ ಪುಟಾಣಿಗಳೇ ಹಿಂದಿದ್ದದ್ದು. ಆರು ಲಕ್ಷಕ್ಕೂ ಹೆಚ್ಚು ಜನರ ಇಂಗ್ಲಿಷ್ ವ್ಯಾಕರಣವನ್ನು ಅಂತರಜಾಲದಲ್ಲಿ ಪರೀಕ್ಷಿಸಿದ 2018ರ ಇನ್ನೊಂದು ಅಧ್ಯಯನ, ವ್ಯಾಕರಣವನ್ನು ಹೀರಿಕೊಳ್ಳುವ ಶಕ್ತಿ ಸುಮಾರು 17 ವರ್ಷದವರೆಗೂ ಕುಂದುವುದಿಲ್ಲ ಎಂದು ಅಂದಾಜು ಮಾಡಿತು. ಉಚ್ಚಾರಣೆಗೆ ಮಾತ್ರ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಪ್ರೌಢಶಾಲೆಯ ಮಕ್ಕಳಿಗೆ ನಿಯಮವನ್ನು ನಿಯಮವೆಂದೇ ಹಿಡಿಯುವ ಬುದ್ಧಿ ಬಂದಿರುತ್ತದೆ. ಅದನ್ನು ದುಡಿಸಿಕೊಳ್ಳಬೇಕು.

ಜರ್ಮನ್ನಿನಲ್ಲಿ ನಾಲ್ಕು ವಿಭಕ್ತಿಗಳಿವೆ. ಇಂಗ್ಲಿಷಿನ ಮೂಲಕ ಬರುವ ಮಗುವಿಗೆ ಇದು ಬೆಟ್ಟದಂತೆ ಕಾಣುತ್ತದೆ, ಏಕೆಂದರೆ ಇಂಗ್ಲಿಷಿನ ನಾಮಪದಗಳಲ್ಲಿ ವಿಭಕ್ತಿ ಹೆಚ್ಚುಕಡಿಮೆ ಸವೆದುಹೋಗಿದೆ. ‘ಮಗುವಿಗೆ ಚೆಂಡನ್ನು ಕೊಡುತ್ತೇನೆ’ ಎನ್ನುವ ನಮಗೆ ‘ಡೆಮ್ ಕಿಂಟ್’ (ಮಗುವಿಗೆ), ‘ಡೆನ್ ಬಾಲ್’ (ಚೆಂಡನ್ನು) ಹೊಸದೇನಲ್ಲ. ಕನ್ನಡದಲ್ಲಿ ಪ್ರತ್ಯಯ ಪದದ ಬಾಲದಲ್ಲಿ ಸೇರಿದರೆ, ಜರ್ಮನ್ನಿನಲ್ಲಿ ಮುಖ್ಯವಾಗಿ ಪದಕ್ಕಿಂತ ಮೊದಲು ಬರುವ ಡೆರ್, ಡೀ, ಡಾಸ್‌ಗಳು (ಇಂಗ್ಲಿಷಿನ ‘ದ’ ಇದ್ದಂತೆ) ರೂಪ ಬದಲಿಸುತ್ತವೆ. ಎಂಟನೇ ತರಗತಿಯ ಕನ್ನಡ ವ್ಯಾಕರಣದ ವಿಭಕ್ತಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ದ್ವಿತೀಯಾ, ಚತುರ್ಥಿಗಳಿಗೆ ಐದೈದು ವಾಕ್ಯ ಬರೆದರೆ ಇದು ಬಹಳ ಬೇಗ ಮನಸ್ಸಿಗೆ ಇಳಿಯುತ್ತದೆ.

ಆದರೆ ಈ ಹೊಂದಾಣಿಕೆ ಮುರಿಯುವ ಜಾಗವನ್ನೂ ಮೊದಲೇ ತೋರಿಸಿಬಿಡಬೇಕು. ‘ಶಾಲೆಗೆ ಹೋಗುತ್ತೇನೆ’ ಎನ್ನುವಲ್ಲಿ ಕನ್ನಡಕ್ಕೆ ಚತುರ್ಥಿ ಬೇಕು. ಜರ್ಮನ್ನಿನ ‘ಇನ್’ ಎಂಬ ಪದ ಚಲನೆಯನ್ನು ಹೇಳುವಾಗ ದ್ವಿತೀಯೆಯನ್ನು ಕೇಳುತ್ತದೆ: ‘ಇನ್ ಡೀ ಶೂಲ’. ಶಾಲೆಯಲ್ಲಿ ಸುಮ್ಮನೆ ಇರುವಾಗ ಮಾತ್ರ ಚತುರ್ಥಿಯ ರೂಪ: ‘ಇನ್ ಡೆರ್ ಶೂಲ’. ‘ಗೆ’ ಕಂಡಲ್ಲೆಲ್ಲ ಜರ್ಮನ್ ಚತುರ್ಥಿ ಹಾಕುವ ಮಗು ಇಲ್ಲಿ ಖಂಡಿತ ಎಡವುತ್ತದೆ. ಲಿಂಗದ ವಿಷಯದಲ್ಲೂ ಕನ್ನಡ ಹೆಚ್ಚು ನೆರವಾಗದು. ‘ಮಗು ಅಳುತ್ತಿದೆ’ ಎಂದು ನಾವು ನಪುಂಸಕದಲ್ಲಿ ಹೇಳುವಂತೆ ಅಲ್ಲಿಯೂ ಮಗು ನಪುಂಸಕವೇ. ಆದರೆ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ ಎನ್ನುವುದಕ್ಕೆ ತರ್ಕ ಹುಡುಕಿ ಫಲವಿಲ್ಲ. ‘ಲ್ಯೋಫೆಲ್’ (ಚಮಚ) ಎಂದು ಒಂಟಿಯಾಗಿ ಬರೆದುಕೊಳ್ಳದೆ ‘ಡೆರ್ ಲ್ಯೋಫೆಲ್’ ಎಂದೇ ಬರೆಯಬೇಕು, ಬಹುವಚನವನ್ನೂ ಅಲ್ಲೇ ಸೇರಿಸಬೇಕು. ಕೆಲವು ಪದಾಂತ್ಯಗಳು ಮಾತ್ರ ನಂಬಿಕೆಗೆ ಅರ್ಹ: ‘-ಉಂಗ್’, ‘-ಹೈಟ್’, ‘-ಕೈಟ್’ ಎಂದು ಮುಗಿಯುವ ನಾಮಪದಗಳು ಸ್ತ್ರೀಲಿಂಗ, ‘ಪುಟ್ಟ’ ಎಂಬ ಅರ್ಥ ಕೊಡುವ ‘-ಶೆನ್’ ಸೇರಿದವು ನಪುಂಸಕ. ‘ಹುಡುಗಿ’ ಎಂಬರ್ಥದ ‘ಮೇಡ್‌ಶೆನ್’ ನಪುಂಸಕವಾಗಿರುವುದು ಈ ಕಾರಣಕ್ಕೇ.

ಜಪಾನಿಯ ವಿಷಯಕ್ಕೆ ಬಂದರೆ ಕನ್ನಡದ ಮಗುವಿನ ಅದೃಷ್ಟ ಇನ್ನೂ ದೊಡ್ಡದು. ‘ವತಾಶಿ ವಾ ಗಕ್ಕೋ ನಿ ಇಕಿಮಾಸ್’: ನಾನು, ಶಾಲೆ, ಗೆ, ಹೋಗುತ್ತೇನೆ. ಕ್ರಿಯಾಪದ ಕೊನೆಗೆ, ‘ಗೆ’ಯ ಕೆಲಸ ಮಾಡುವ ‘ನಿ’ ನಾಮಪದದ ನಂತರ. ‘ಕಿನೋ ಕತ್ತಾ ಹೋನ್’ ಎಂದರೆ ‘ನಿನ್ನೆ ಕೊಂಡ ಪುಸ್ತಕ’, ಪದಕ್ಕೆ ಪದ, ಅದೇ ಕ್ರಮ. ಇಂಗ್ಲಿಷಿನಲ್ಲಿ ಇದಕ್ಕೆ ವಾಕ್ಯವನ್ನೇ ತಿರುಗಿಸಬೇಕು. ‘ತಾಬೆತೆ ಇಕಿಮಾಸ್’ ನಮ್ಮ ‘ತಿಂದು ಹೋಗುತ್ತೇನೆ’. ಅಮೆರಿಕದ ರಾಜತಾಂತ್ರಿಕರ ತರಬೇತಿ ಸಂಸ್ಥೆ ಜಪಾನಿಗೆ 2200 ತರಗತಿ ಗಂಟೆಗಳು ಬೇಕೆಂದು ಲೆಕ್ಕ ಹಾಕುತ್ತದೆ. ಜಪಾನಿ ಎಲ್ಲಕ್ಕಿಂತ ಕಷ್ಟ ಎನ್ನುವವರು ಉಲ್ಲೇಖಿಸುವುದು ಈ ಅಂಕಿಯನ್ನೇ. ಅದು ಇಂಗ್ಲಿಷ್ ಮನೆಮಾತಿನವರಿಗಾಗಿ ಹಾಕಿದ ಲೆಕ್ಕ. ನಮ್ಮ ಮಕ್ಕಳಿಗೆ ವಾಕ್ಯರಚನೆಯ ಭಾರ ಬಹಳ ಇಳಿಯುತ್ತದೆ. ಇಳಿಯದೆ ಉಳಿಯುವುದು ಲಿಪಿ: ಹಿರಗಾನ, ಕತಕಾನ ತಲಾ 46 ಮೂಲಾಕ್ಷರಗಳು, ಅವುಗಳ ಮೇಲೆ 2136 ನಿತ್ಯಬಳಕೆಯ ಕಾಂಜಿ ಚಿತ್ರಾಕ್ಷರಗಳು. ಶಾಲೆಯ ಮಟ್ಟದಲ್ಲಿ ನೂರು ಕಾಂಜಿ ಕೈಗೆ ಬಂದರೆ ಅದು ಒಳ್ಳೆಯ ಗುರಿ.

ಉಚ್ಚಾರಣೆಗೂ ಇದೇ ಮಾತು. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ನಡೆಸಿದ ಹೆಸರಾಂತ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ಟ-ತ ವ್ಯತ್ಯಾಸವನ್ನು ಗುರುತಿಸಿದವು, ವರ್ಷ ತುಂಬುವ ಹೊತ್ತಿಗೆ ಬಹುತೇಕ ಕಳೆದುಕೊಂಡವು. ನಮ್ಮ ಮಕ್ಕಳಲ್ಲಿ ಆ ಕಿವಿ ಹಾಗೇ ಉಳಿದಿದೆ. ಫ್ರೆಂಚಿನ ‘ಟಿ’, ‘ಡಿ’ ಅಕ್ಷರಗಳ ಧ್ವನಿ ನಮ್ಮ ತ, ದ. ಅದರ ಪ, ತ, ಕಗಳಲ್ಲಿ ಇಂಗ್ಲಿಷಿನ ಉಸಿರಿನ ರಭಸವೂ ಇಲ್ಲ. ಮೇಜಿಗೆ ಫ್ರೆಂಚಿನಲ್ಲಿ ‘ತಾಬ್ಲ್’ ಎಂದರೆ ಸಾಕು, ‘ಟೇಬಲ್’ ಮರೆಯಬೇಕು. ಜಪಾನಿಯಲ್ಲಿ ‘ಕಿತೆ’ ಎಂದರೆ ‘ಬಾ’, ‘ಕಿತ್ತೆ’ ಎಂದರೆ ಅಂಚೆ ಚೀಟಿ. ಕತೆ-ಕತ್ತೆ ಗೊತ್ತಿರುವವರಿಗೆ ಇದು ಸುಲಭ. ‘ಒಬಸಾನ್’ ಚಿಕ್ಕಮ್ಮ, ‘ಒಬಾಸಾನ್’ ಅಜ್ಜಿ: ಬಳೆ-ಬಾಳೆಯ ಹ್ರಸ್ವ-ದೀರ್ಘ.

ತೊಡಕುಗಳೂ ಕನ್ನಡದಿಂದಲೇ ಬರುತ್ತವೆ. ನಾವು ‘ಎಲ್ಲಿ’ಯನ್ನು ‘ಯೆಲ್ಲಿ’ ಎಂದೇ ಆಡುತ್ತೇವೆ, ಹಾಗಾಗಿ ಫ್ರೆಂಚಿನ ‘ಎಲ್’ (ಅವಳು) ‘ಯೆಲ್’ ಆಗುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಅಂಟಿಸುತ್ತೇವೆ. ಬಸ್ಸು, ಕಾರು ಮಾಡಿದ ನಾಲಿಗೆ ‘ಇಸ್ಟ್’ ಅನ್ನು ‘ಇಸ್ಟು’ ಮಾಡುತ್ತದೆ. ಹಕಾರ ಸಡಿಲವಾಗಿರುವ ಮನೆಗಳ ಮಕ್ಕಳು ‘ಹೌಸ್’ (ಮನೆ) ಮತ್ತು ‘ಔಸ್’ (ಒಳಗಿನಿಂದ ಹೊರಗೆ) ಬೆರೆಸುತ್ತಾರೆ. ಜಪಾನಿಯ ‘ಇಕಿಮಾಸ್’, ‘ದೆಸ್’ಗಳ ಕೊನೆಯ ಉಕಾರ ಬರಹದಲ್ಲಿದೆ, ಮಾತಿನಲ್ಲಿ ಹೆಚ್ಚುಕಡಿಮೆ ಕೇಳಿಸುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಅಭ್ಯಾಸ, ಪುಸ್ತಕದ ಸಾಲಿನ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದಿಟ್ಟುಕೊಳ್ಳುವುದು. ಓದುಗರ ಅನುಕೂಲಕ್ಕೆ ಈ ಲೇಖನದಲ್ಲಿ ನಾವೂ ಹಾಗೆ ಬರೆದಿದ್ದೇವೆ. ಕಲಿಯುವವರು ಮಾತ್ರ ಬರೆಯಬಾರದು. ಜರ್ಮನ್ನಿನ ‘ಈಗಾಗಲೇ’ ಮತ್ತು ‘ಸುಂದರ’ ಎಂಬ ಎರಡು ಬೇರೆ ಪದಗಳೂ ಕನ್ನಡದಲ್ಲಿ ‘ಶೋನ್’ ಆಗಿಬಿಡುತ್ತವೆ. ಎರಡನೆಯದರಲ್ಲಿ ಒ ಮೇಲೆ ಎರಡು ಚುಕ್ಕಿ ಇದೆ, ಅದರ ಸ್ವರ ನಮ್ಮ ವರ್ಣಮಾಲೆಯಲ್ಲೇ ಇಲ್ಲ. ಅದನ್ನು ಪಡೆಯುವುದು ಹೀಗೆ: ‘ಏ’ ಎನ್ನುತ್ತಾ ನಾಲಿಗೆಯನ್ನು ಅಲ್ಲೇ ಹಿಡಿದು ತುಟಿಯನ್ನು ಮಾತ್ರ ‘ಓ’ಗೆ ಮಾಡುವಂತೆ ದುಂಡಗೆ ಮಾಡಬೇಕು. ‘ಈ’ ಎನ್ನುತ್ತಾ ತುಟಿಯನ್ನು ‘ಊ’ಗೆ ಮಾಡಿದರೆ ಫ್ರೆಂಚಿನ ಯು, ಜರ್ಮನ್ನಿನ ಚುಕ್ಕಿ ಇಟ್ಟ ಯು ಸಿಗುತ್ತವೆ. ಕನ್ನಡಿಯ ಮುಂದೆ ದಿನಕ್ಕೆ ಹತ್ತು ಸಲ ಸಾಕು. ಫ್ರೆಂಚಿನ ಅನುನಾಸಿಕ ಸ್ವರಗಳಲ್ಲಿ ತುಟಿ ಮುಚ್ಚಬಾರದು. ನಮ್ಮ ಸೊನ್ನೆ ಮ್ ಅಥವಾ ನ್ ಆಗಿ ಮುಗಿಯುತ್ತದೆ, ಅವರದು ಹಾಗೆ ಮುಗಿಯುವುದಿಲ್ಲ. ‘ಇಶ್’ನ ಕೊನೆಯ ಧ್ವನಿ ನಿಜವಾಗಿ ಶ ಅಲ್ಲ, ‘ಹ್ಯ’ ಎನ್ನಲು ನಾಲಿಗೆಯ ನಡುಭಾಗ ಏರಿದಾಗ ಹೊರಡುವ ಉಸಿರು.

ಕಿವಿ ಪಳಗಿಸಲು ಒಬ್ಬ ಶಿಕ್ಷಕರ ಧ್ವನಿ ಸಾಲದು. ಜಪಾನೀಯರಿಗೆ ಇಂಗ್ಲಿಷಿನ ರ-ಲ ಭೇದ ಕಲಿಸುವ ಪ್ರಯೋಗಗಳಲ್ಲಿ, 1990ರ ದಶಕದ ಆರಂಭದಲ್ಲಿ ಡೇವಿಡ್ ಪಿಸೋನಿ ಮತ್ತು ಸಂಗಡಿಗರು ಕಂಡದ್ದು ಇದನ್ನೇ: ಹಲವರ ಧ್ವನಿಯಲ್ಲಿ ಕೇಳಿ ಕಲಿತವರು ಹೊಸಬರ ಮಾತನ್ನೂ ಗುರುತಿಸಿದರು, ಒಬ್ಬರ ಧ್ವನಿಯಲ್ಲಿ ಕಲಿತವರು ಅಲ್ಲಿಗೇ ನಿಂತರು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ಜರ್ಮನ್ ಪಾಠಗಳು, ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಜಪಾನಿ ಪಾಠಗಳು ಉಚಿತ. ಮೂರು ನಾಲ್ಕು ಬೇರೆ ಬೇರೆ ಧ್ವನಿಗಳಿಂದ ಎಂಟು ವಾಕ್ಯ ಆರಿಸಿ, ಪಠ್ಯ ನೋಡದೆ ಎರಡು ಸಲ ಕೇಳಿ, ಬರೆದು, ಸರಿನೋಡಿ, ನಂತರ ಮೊಬೈಲಿನಲ್ಲಿ ತನ್ನ ಧ್ವನಿ ದಾಖಲಿಸಿ ಹೋಲಿಸುವುದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಬರೆದುಕೊಳ್ಳುವ ಹಂತವನ್ನು ಕೈಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಏಕೆಂದರೆ ಏನು ಕೇಳಿಸಲಿಲ್ಲ ಎಂಬುದು ಗೊತ್ತಾಗುವುದು ಅಲ್ಲಿಯೇ.

ಇನ್ನು ಸಮಯದ ಲೆಕ್ಕ. ವಾರಕ್ಕೆ 40 ನಿಮಿಷದ ಮೂರು ಪೀರಿಯಡ್, ವರ್ಷಕ್ಕೆ 35 ವಾರ ಎಂದುಕೊಂಡರೆ ಆಗುವುದು 70 ಗಂಟೆ. ಜರ್ಮನ್ನಿನ ಮೊದಲ ಮೆಟ್ಟಿಲಾದ ಎ1ಗೆ ಬೇಕಾಗುವ ಪದಗಳು ಸುಮಾರು 650. ವಾರಕ್ಕೆ ಹತ್ತೊಂಬತ್ತು ಪದ, ದಿನಕ್ಕೆ ನಾಲ್ಕಕ್ಕಿಂತ ಕಡಿಮೆ. ಲೆಕ್ಕದಲ್ಲಿ ಸುಲಭ, ಆದರೆ ಪರೀಕ್ಷೆಯ ಹಿಂದಿನ ರಾತ್ರಿ ನೂರು ಪದ ಉರುಹೊಡೆದರೆ ಹದಿನೈದು ದಿನದಲ್ಲಿ ಹೆಚ್ಚಿನವು ಹೋಗುತ್ತವೆ. ಮರೆವಿನ ಈ ಇಳಿಜಾರನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದಿದ್ದರು. ಮದ್ದು ಸರಳ: ಅಂತರ ಕೊಟ್ಟು ಮತ್ತೆ ನೆನಪಿಸಿಕೊಳ್ಳುವುದು. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಡಬ್ಬಿ ಇದಕ್ಕೆ ಸಾಕು. ಒಂದು ಶೂ ಡಬ್ಬಿಗೆ ರಟ್ಟಿನ ತಡೆ ಹಾಕಿ ಐದು ಮನೆ ಮಾಡಿ. ಚೀಟಿಯ ಒಂದು ಬದಿಗೆ ಕನ್ನಡದ ಪುಟ್ಟ ವಾಕ್ಯ, ಇನ್ನೊಂದು ಬದಿಗೆ ಜರ್ಮನ್. ಮೊದಲ ಮನೆ ದಿನವೂ, ಎರಡನೆಯದು ಎರಡು ದಿನಕ್ಕೆ, ಮುಂದಿನವು ನಾಲ್ಕು, ಎಂಟು, ಹದಿನಾರು ದಿನಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಮನೆಗೆ, ತಪ್ಪಿದರೆ ಮೊದಲನೆಯದಕ್ಕೆ. ಉತ್ತರವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಚೀಟಿ ತಿರುಗಿಸಬೇಕು. ತಿರುಗಿಸಿ ನೋಡಿ ‘ಹ್ಞಾ, ಗೊತ್ತಿತ್ತು’ ಎನ್ನುವುದೇ ಈ ಪದ್ಧತಿ ಕೆಡುವ ಮುಖ್ಯ ಕಾರಣ. ಒಂದೇ ದಿನ ಮೂವತ್ತು ಹೊಸ ಚೀಟಿ ಹಾಕಿದರೆ ಮುಂದಿನ ವಾರ ಮೊದಲ ಮನೆ ಉಕ್ಕಿಹರಿಯುತ್ತದೆ, ಮಗು ಡಬ್ಬಿಯನ್ನೇ ಬಿಡುತ್ತದೆ.

ಸಂಸ್ಕೃತಿಯನ್ನು ಐಫೆಲ್ ಗೋಪುರ, ಬವೇರಿಯದ ಉಡುಪುಗಳ ಚಾರ್ಟಿಗೆ ಮುಗಿಸುವುದು ನಮ್ಮ ಶಾಲೆಗಳ ದೊಡ್ಡ ಕೊರತೆ. ಮಕ್ಕಳಿಗೆ ನಿಜವಾಗಿ ಬೇಕಾಗುವುದು ಮಾತಿನ ನಡೆ. ನೀನು-ನೀವು ಭೇದ ಇಂಗ್ಲಿಷಿನಲ್ಲಿ ಕಳೆದುಹೋಗಿದೆ, ಫ್ರೆಂಚಿನಲ್ಲೂ ಜರ್ಮನ್ನಿನಲ್ಲೂ ಜೀವಂತವಾಗಿದೆ. ಆದರೆ ಗೆರೆ ಬೇರೆ ಕಡೆ ಇದೆ. ಅಲ್ಲಿ ಇಂದು ಅಪ್ಪನಿಗೂ ಅಜ್ಜನಿಗೂ ಸಾಮಾನ್ಯವಾಗಿ ‘ನೀನು’, ಅಂಗಡಿಯ ಅಪರಿಚಿತ ಯುವಕನಿಗೆ ‘ನೀವು’. ಫ್ರಾನ್ಸಿನ ಅಂಗಡಿಯಲ್ಲಿ ‘ಬೋಂಜೂರ್’ ಎನ್ನದೆ ನೇರವಾಗಿ ಬೆಲೆ ಕೇಳುವುದು ಒರಟುತನ. ಜಪಾನಿಯಲ್ಲಿ ಹೊರಗಿನವರೆದುರು ತನ್ನ ತಾಯಿಯನ್ನು ‘ಹಹ’ ಎಂದು ವಿನಯದಿಂದ, ಅವರ ತಾಯಿಯನ್ನು ‘ಒಕಾಸಾನ್’ ಎಂದು ಗೌರವದಿಂದ ಕರೆಯಬೇಕು. ‘ನಮ್ಮ ತಾಯಿಯವರು ಬಂದಿದ್ದಾರೆ’ ಎಂದು ಮನೆಯ ಹಿರಿಯರಿಗೆ ಎಲ್ಲೆಡೆ ಬಹುವಚನ ಕೊಡುವ ನಮಗೆ ಇದು ತಲೆಕೆಳಗು, ಬಿಡಿಸಿ ಹೇಳದಿದ್ದರೆ ತಾನಾಗಿ ಹೊಳೆಯುವುದಿಲ್ಲ. ಗಡಿಯಾರವೂ ಅಷ್ಟೇ: ಜರ್ಮನ್ನಿನ ‘ಹಾಲ್ಪ್ ಡ್ರೈ’ (ಪದಶಃ ‘ಅರ್ಧ ಮೂರು’) ಮೂರೂವರೆ ಅಲ್ಲ, ಎರಡೂವರೆ. ಇಂಥ ಸನ್ನಿವೇಶಗಳನ್ನು ಇಬ್ಬರಿಬ್ಬರಾಗಿ ಐದು ನಿಮಿಷ ಆಡಿಸಿದರೆ ಚಾರ್ಟಿಗಿಂತ ಹೆಚ್ಚು ಕಲಿಯುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕೊರಿಯನ್, ಜಪಾನಿ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮುಂತಾದ ಭಾಷೆಗಳಿಗೆ ಅವಕಾಶ ಹೇಳುತ್ತದೆ. ವಾಸ್ತವದಲ್ಲಿ ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯ ಮಗುವಿಗೆ ಇವು ಸಿಗುವುದು ತೀರಾ ಅಪರೂಪ. ವಿಭಕ್ತಿ ಚೆನ್ನಾಗಿ ಬಲ್ಲ ಮಕ್ಕಳೇ ಹೊರಗುಳಿಯುವುದು ನೋವಿನ ಸಂಗತಿ. ಖಾಸಗಿ ಶಾಲೆಗಳಲ್ಲಿ ಬೇರೆ ತೊಂದರೆ: ಮೂರನೆಯ ಭಾಷೆಯಾಗಿ ತೆಗೆದುಕೊಂಡದ್ದನ್ನು ಎಂಟನೆಯ ತರಗತಿಯ ಬಳಿಕ ಹಲವರು ಬಿಟ್ಟುಬಿಡುತ್ತಾರೆ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತ 733 ಜನರನ್ನು ಪರಿಶೀಲಿಸಿದ ಹ್ಯಾರಿ ಬಾರಿಕ್ 1984ರಲ್ಲಿ ತೋರಿಸಿದಂತೆ, ಮರೆವು ಮೊದಲ ಮೂರರಿಂದ ಆರು ವರ್ಷ ವೇಗವಾಗಿದ್ದು ಆಮೇಲೆ ದಶಕಗಳ ಕಾಲ ಹೆಚ್ಚುಕಡಿಮೆ ನಿಲ್ಲುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ಮೊದಲು ಎಷ್ಟು ಆಳವಾಗಿ ಕಲಿತಿದ್ದರು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಎರಡು ಭಾಷೆಗಳನ್ನು ಒಂದೊಂದು ವರ್ಷ ರುಚಿ ನೋಡುವುದಕ್ಕಿಂತ ಒಂದನ್ನು ಎ2 ಮಟ್ಟದವರೆಗೆ ಒಯ್ಯುವುದು ಮೇಲು.

ಫ್ರೆಂಚ್ ಕಲಿಸುವ ವಸಂತನಗರದ ಅಲಯನ್ಸ್ ಫ್ರಾನ್ಸೇಸ್, ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಶಾಲೆಯ ಹೊರಗೆ ಮುಂದುವರಿಸುವವರಿಗೆ ಆಸರೆ. ಪ್ರಮಾಣಪತ್ರದ ಪರೀಕ್ಷೆ ಆರಿಸುವಾಗ ಅದು ಏನನ್ನು ಅಳೆಯುತ್ತದೆ ಎಂದು ನೋಡಿ. ಫ್ರೆಂಚಿನ ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ. ಒಟ್ಟು 50 ಬಂದರೂ ಯಾವುದೇ ಒಂದರಲ್ಲಿ 5ಕ್ಕಿಂತ ಕಡಿಮೆಯಾದರೆ ನಪಾಸು. ಜಪಾನಿಯ ಮೊದಲ ಹಂತದ ಪರೀಕ್ಷೆಯಾದ ಜೆಎಲ್‌ಪಿಟಿ ಎನ್5ರಲ್ಲಿ ಮಾತಿನ ಪರೀಕ್ಷೆಯೇ ಇಲ್ಲ, ಒಂದು ವಾಕ್ಯ ಆಡದೆಯೂ ಪಾಸಾಗಬಹುದು. ಅದಕ್ಕೆ ತಯಾರಾಗುವವರು ವಾರಕ್ಕೆರಡು ಸಲ ಮಾತಿನ ಅಭ್ಯಾಸವನ್ನು ಬೇರೆಯಾಗಿ ಇಟ್ಟುಕೊಳ್ಳಲೇಬೇಕು. ಹತ್ತನೇ ತರಗತಿಯ ವರ್ಷ ಹೊಸ ಪದ ಬೇಡ. ಡಬ್ಬಿಯ ಕೊನೆಯ ಎರಡು ಮನೆಗಳನ್ನು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ತಿರುವಿಹಾಕಿ, ಒಂದು ಪಾಠವನ್ನು ಕೇಳಿದರೆ ಬೇಸಿಗೆ ರಜೆಯಲ್ಲಿ ಬಿಟ್ಟಲ್ಲಿಂದ ಹೊರಡಬಹುದು.