ನೀರನ್ನು ಒಡೆಯುವ ಪುಡಿ: ರಂಧ್ರ ಜಾಸ್ತಿ ಇದ್ದರೆ ಸಾಕೇ?

ಬಿಸಿಲು, ನೀರು, ಒಂದಿಷ್ಟು ಪುಡಿ. ಇಷ್ಟರಿಂದಲೇ ಹೈಡ್ರೋಜನ್ ತೆಗೆಯಬೇಕೆಂಬ ಆಸೆಗೆ ಐವತ್ತು ವರ್ಷ ದಾಟಿದೆ. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಎರಡು ಪುಟದ ವರದಿ ಪ್ರಕಟಿಸಿದರು. ನೀರಲ್ಲಿ ಮುಳುಗಿದ ಟೈಟಾನಿಯಂ ಡೈಆಕ್ಸೈಡ್ ಹರಳಿಗೆ ಬೆಳಕು ಬಿದ್ದಾಗ ಅಲ್ಲಿ ಆಮ್ಲಜನಕ ಬಂತು. ತಂತಿಯ ಆಚೆ ತುದಿಯ ಪ್ಲಾಟಿನಂ ಮೇಲೆ ಹೈಡ್ರೋಜನ್ ಬಂತು. ಮರುವರ್ಷವೇ ತೈಲ ಬಿಕ್ಕಟ್ಟು. ಗೋಡೆಯ ಬಿಳಿ ಬಣ್ಣಕ್ಕೆ ಬೆರೆಸುವ ಈ ವಸ್ತುವಿನ ಮೇಲೆ ಎಲ್ಲರ ಕಣ್ಣು ಬಿತ್ತು.

ತೊಡಕು ಇರುವುದು ಕಣದ ಒಳಗೆ. ಬೆಳಕು ತಾಗಿದಾಗ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಎಲೆಕ್ಟ್ರಾನ್ ಹೊರಮೈಗೆ ಬಂದರೆ ಹೈಡ್ರೋಜನ್, ಖಾಲಿ ಜಾಗ ಹೊರಮೈಗೆ ಬಂದರೆ ಆಮ್ಲಜನಕ. ಆದರೆ ಬಹುಪಾಲು ದಾರಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹೀರಿದ ಬೆಳಕೆಲ್ಲ ಸುಮ್ನೆ ಶಾಖವಾಗಿ ಹೋಗುತ್ತದೆ.

ಹಾಗಾದರೆ ದಾರಿಯನ್ನೇ ಮೊಟಕು ಮಾಡಿದರೆ? 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಜೇನುಗೂಡಿನಂತೆ ಸಾಲಾಗಿ ರಂಧ್ರಗಳಿರುವ ಸಿಲಿಕಾ ಮಾಡಿ ತೋರಿಸಿದರು. 1995ರ ಹೊತ್ತಿಗೆ ಅದೇ ಉಪಾಯ ಟೈಟಾನಿಯಂ ಡೈಆಕ್ಸೈಡ್‌ಗೂ ಬಂತು. 2001ರಲ್ಲಿ ಜಪಾನಿನ ವಿಜ್ಞಾನಿ ಕಝುನಾರಿ ಡೋಮೆನ್ ಅವರ ತಂಡ ರಂಧ್ರಭರಿತ ಟ್ಯಾಂಟಲಂ ಆಕ್ಸೈಡ್‌ನಿಂದ ನೀರನ್ನು ಒಡೆಯಿತು. ಗೋಡೆಗಳು ಕೆಲವೇ ನ್ಯಾನೋಮೀಟರ್ ದಪ್ಪ, ಎಲೆಕ್ಟ್ರಾನ್ ಓಡಬೇಕಾದ ದೂರವೂ ಅಷ್ಟೇ.

ಇದನ್ನು ಮಾಡುವ ಬಗೆ ನೋಡಿದರೆ ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತದೆ. ಲೋಹದ ಲವಣವನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ಸೋಪಿನ ಗುಣದ ಉದ್ದನೆಯ ಅಣುಗಳನ್ನು ಬೆರೆಸುತ್ತಾರೆ. ಆ ಅಣುಗಳು ತಾವೇ ಗುಂಪುಗೂಡುತ್ತವೆ, ಆಕ್ಸೈಡ್ ಅವುಗಳ ಸುತ್ತ ಗಟ್ಟಿಯಾಗುತ್ತದೆ. ಕುಲುಮೆಯಲ್ಲಿಟ್ಟಾಗ ಅಣುಗಳು ಸುಟ್ಟುಹೋಗಿ ಅವಿದ್ದಲ್ಲಿ ರಂಧ್ರ ಉಳಿಯುತ್ತದೆ. ಆದರೆ ಆಗ ಗೋಡೆ ಇನ್ನೂ ಸರಿಯಾದ ಹರಳಾಗಿರುವುದಿಲ್ಲ. ಅದರ ಅಡ್ಡಾದಿಡ್ಡಿ ಜೋಡಣೆಯಲ್ಲೇ ಎಲೆಕ್ಟ್ರಾನ್‌ಗಳು ಸಿಕ್ಕಿಬೀಳುತ್ತವೆ. ಹರಳಾಗಲಿ ಎಂದು ಇನ್ನೂ ಕಾಯಿಸಿದರೆ ರಂಧ್ರಗಳೇ ಕುಸಿಯುತ್ತವೆ. ಕಾಯಿಸುವ ಮುಂಚೆ ರಂಧ್ರಕ್ಕೆ ಸಿಲಿಕಾ ತುಂಬಿ, ಆಮೇಲೆ ಕರಗಿಸಿ ತೆಗೆಯುವ ದಾರಿ ಇದೆ. ಕೆಲಸ ಮಾತ್ರ ಎರಡರಷ್ಟು.

ಮುಂದೆ ಬಂದ ದೊಡ್ಡ ಗೆಲುವು ರಂಧ್ರದ್ದಾಗಿರಲಿಲ್ಲ. 2020ರಲ್ಲಿ ಅಲ್ಯುಮಿನಿಯಂ ಬೆರೆಸಿದ ಸ್ಟ್ರಾನ್ಷಿಯಂ ಟೈಟನೇಟ್ ಹರಳುಗಳು, ಬಿದ್ದ ನೇರಳಾತೀತ ಬೆಳಕಿನ 96%ರಷ್ಟನ್ನು ಕೆಲಸಕ್ಕೆ ಹಚ್ಚಿದವು. ಅವು ರಂಧ್ರವಿಲ್ಲದ, ಅಚ್ಚುಕಟ್ಟಾದ ಹರಳುಗಳು. ಹೈಡ್ರೋಜನ್ ಬರುವ ಮುಖ ಬೇರೆ, ಆಮ್ಲಜನಕ ಬರುವ ಮುಖ ಬೇರೆ. ಇದೇ ಬಗೆಯ ಪುಡಿಯಿಂದ 100 ಚದರ ಮೀಟರ್ ಫಲಕ ಮಾಡಿ ಬಿಸಿಲಲ್ಲಿಟ್ಟರು. 2021ರ ವರದಿಯಂತೆ, ಸೂರ್ಯನ ಶಕ್ತಿಯಲ್ಲಿ ಹೆಚ್ಚೆಂದರೆ 0.76% ಹೈಡ್ರೋಜನ್ ಆಯಿತು. ಈ ಪುಡಿ ಹೀರುವುದು ನೇರಳಾತೀತವನ್ನು ಮಾತ್ರ, ನೆಲಕ್ಕೆ ತಲುಪುವ ಬಿಸಿಲಲ್ಲಿ ಅದರ ಪಾಲೇ 5%ರ ಆಸುಪಾಸು. ಹಾಗಿದ್ದಾಗ ಇಷ್ಟೇ ಸಿಗುತ್ತದೆ, ಅಲ್ವಾ?

ಇನ್ನೊಂದು ಮಾತು ಹೇಳಲೇಬೇಕು. ರಂಧ್ರಭರಿತ ಆಕ್ಸೈಡ್‌ಗಳ ಎಷ್ಟೋ ವರದಿಗಳಲ್ಲಿ ನೀರಿಗೆ ಮೆಥನಾಲ್ ಬೆರೆಸಿರುತ್ತಾರೆ. ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳನ್ನು ಅದು ತುಂಬಿಬಿಡುವುದರಿಂದ ಹೈಡ್ರೋಜನ್ ಸಲೀಸಾಗಿ ಬರುತ್ತದೆ. ಅದು ಅರ್ಧ ಕೆಲಸ. ಆಮ್ಲಜನಕವೂ ಬಂತೇ, ಹೈಡ್ರೋಜನ್‌ನ ಅರ್ಧದಷ್ಟು ಬಂತೇ ಎಂದು ಮೊದಲು ಕೇಳಬೇಕು.

ಹಾಗಂತ ರಂಧ್ರ ಬೇಡವೇ ಬೇಡ ಅಂತಲ್ಲ. ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ, ಅಗ್ಗ ಕೂಡ. ಆದರೆ ಅದರೊಳಗಿನ ಖಾಲಿ ಜಾಗ ಕೆಲವೇ ನ್ಯಾನೋಮೀಟರ್ ಸಾಗಿ ಸೋಲುತ್ತದೆ. ಇಂಥ ವಸ್ತುವಿಗೆ ತೆಳು ಗೋಡೆ ಬೇಕೇ ಬೇಕು. ಅಷ್ಟಾದರೂ ಅದರ ಎಲೆಕ್ಟ್ರಾನ್‌ಗೆ ತಾನಾಗಿ ಹೈಡ್ರೋಜನ್ ಮಾಡುವಷ್ಟು ಕಸುವಿಲ್ಲ. ಹೊರಗಿನಿಂದ ವೋಲ್ಟೇಜ್ ಕೊಡಬೇಕು, ಇಲ್ಲವೇ ಇನ್ನೊಂದು ಪುಡಿಯನ್ನು ಜೊತೆಗೆ ಸೇರಿಸಬೇಕು.