ಮೂರು ಮನೆಗೆ ಅನುಮತಿ ಸಿಕ್ಕರೂ ಮನೆ ಏಳದಿರುವುದೇಕೆ?

ಅಮೆರಿಕದ ನಗರಗಳಲ್ಲಿ ವಸತಿ ಅಸಮಾನತೆ ಬೇರೂರಿದ ಬಗೆ ತಿಳಿಯಲು ಬಾಡಿಗೆಯ ಅಂಕಿಅಂಶಕ್ಕಿಂತ ಮೊದಲು ವಲಯ ನಿಯಮಗಳನ್ನು, ಅಂದರೆ ಎಲ್ಲಿ ಏನು ಕಟ್ಟಬಹುದೆಂಬ ನಿಯಮಗಳನ್ನು, ಓದಬೇಕು. ಜನಾಂಗ ನೋಡಿ ಬಡಾವಣೆ ವಿಂಗಡಿಸುವ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1917ರಲ್ಲಿ ರದ್ದುಮಾಡಿತು. ಕಟ್ಟಡದ ಬಗೆ ನೋಡಿ ವಿಂಗಡಿಸುವುದನ್ನು 1926ರ ಯೂಕ್ಲಿಡ್ ಪ್ರಕರಣದಲ್ಲಿ ಅದೇ ಕೋರ್ಟ್ ಎತ್ತಿಹಿಡಿಯಿತು. ಒಂಟಿ ಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಎಂದು ಕರೆದದ್ದು ಈಗ ಓದಿದರೂ ಬೇಸರವಾಗುತ್ತದೆ. ದೊಡ್ಡ ನಿವೇಶನ ಕಡ್ಡಾಯ ಮಾಡಿದರೆ ಸಾಕು, ಬಣ್ಣದ ಮಾತೇ ಎತ್ತದೆ ಬಡವರನ್ನು ಹೊರಗಿಡಬಹುದಿತ್ತು.

ಈ ಕಟ್ಟು ಸಡಿಲಿಸಲು ಮಿನಿಯಾಪೊಲಿಸ್ ನಗರ 2018ರ ಡಿಸೆಂಬರ್‌ನಲ್ಲಿ ಒಂಟಿ ಮನೆಯ ನಿವೇಶನದಲ್ಲೂ ಮೂರು ಮನೆ ಕಟ್ಟಬಹುದೆಂದಿತು. ಸುದ್ದಿ ದೊಡ್ಡದಾಯಿತು, ಕಟ್ಟಿದವರು ತೀರಾ ಕಡಿಮೆ. ಮುಖ್ಯ ಕಾರಣ ಎಫ್‌ಎಆರ್, ಅಂದರೆ ಎಲ್ಲ ಮಹಡಿ ಸೇರಿ ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ. ಹಲವು ಒಳಬಡಾವಣೆಗಳಲ್ಲಿ ಅದು 0.5. 5,000 ಚದರಡಿ ನಿವೇಶನದಲ್ಲಿ 2,500 ಚದರಡಿ ಮಾತ್ರ. ಮೂರು ಪಾಲಾದರೆ ತಲಾ 833, ಅದರಲ್ಲೇ ಗೋಡೆ, ಮೆಟ್ಟಿಲು ಕಳೆಯಬೇಕು. ಅಡುಗೆಮನೆ ಮೂರು, ಕೊಳಾಯಿ ಜೋಡಣೆ ಮೂರು. ಎರಡು ಮನೆಯವರೆಗೆ ಸರಳ ವಸತಿ ಕಟ್ಟಡ ಸಂಹಿತೆ ಸಾಕು. ಮೂರನೆಯದು ಸೇರಿದೊಡನೆ ದೊಡ್ಡ ಕಟ್ಟಡಗಳ ಸಂಹಿತೆ ಅನ್ವಯಿಸಿ, ಬೆಂಕಿ ನಂದಿಸುವ ಸ್ಪ್ರಿಂಕ್ಲರ್‌ಗಳ ಖರ್ಚೂ ಹೆಗಲೇರುತ್ತದೆ. ಇದ್ದ ಮನೆ ಕೆಡವಿ ಇಷ್ಟೇ ಜಾಗ ಕಟ್ಟಲು ಹೆಚ್ಚಿನ ಬಿಲ್ಡರ್‌ಗಳಿಗೆ ಲೆಕ್ಕ ಕೂಡುವುದಿಲ್ಲ.

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ 2021ರಲ್ಲಿ ಜಾರಿಗೆ ತಂದ ನಿಯಮ ಇದನ್ನು ಸರಿಯಾಗಿ ಹಿಡಿದಿದೆ. ಅಲ್ಲಿನ ಆರ್5 ಎಂಬ ವಸತಿ ವಲಯದಲ್ಲಿ ಎಫ್‌ಎಆರ್ ಒಂದು ಮನೆಗೆ 0.5, ಎರಡಕ್ಕೆ 0.6, ಮೂರಕ್ಕೆ 0.7. ಅದೇ ಅಳತೆಯ ನಿವೇಶನದಲ್ಲಿ ಮೂರು ಮನೆಗೆ 3,500 ಚದರಡಿ. ಹೊಸ ನಿಯಮ ಕಂಡಾಗಲೆಲ್ಲ ಎಫ್‌ಎಆರ್, ಸೆಟ್‌ಬ್ಯಾಕ್ (ನಿವೇಶನದ ಗಡಿಯಿಂದ ಬಿಡಬೇಕಾದ ಜಾಗ), ಎತ್ತರದ ಮಿತಿ, ಮನೆಗೆಷ್ಟು ಪಾರ್ಕಿಂಗ್ ಎಂಬ ನಾಲ್ಕನ್ನೂ ಒಟ್ಟಿಗೆ ಹಾಕಿ ನಕ್ಷೆ ಬರೆದು ನೋಡಿ. ಒಂದು ಬಿಗಿಯಾಗಿದ್ದರೂ ಉಳಿದ ರಿಯಾಯಿತಿ ಕಾಗದದಲ್ಲೇ ಉಳಿಯುತ್ತದೆ.

ಈ ಸಂಖ್ಯೆಗಳು ಬಿಗಿಯಾಗುವುದು ಬಹುಪಾಲು ಅಹವಾಲು ಸಭೆಗಳಲ್ಲಿ. ಅಲ್ಲಿ ಮಾತಾಡುವವರಲ್ಲಿ ಸ್ವಂತ ಮನೆಯುಳ್ಳ ಹಿರಿಯರೇ ಹೆಚ್ಚು. ಇನ್ನೂ ಕಟ್ಟದ ಮನೆಗೆ ಬರಲಿರುವ ಬಾಡಿಗೆದಾರರಿಗೆ ಆ ಊರಲ್ಲಿ ವಿಳಾಸವೂ ಇಲ್ಲ, ಮತವೂ ಇಲ್ಲ. ಹಾಗಾಗಿಯೇ ಒರೆಗಾನ್ 2019ರಲ್ಲಿ ನಿರ್ಧಾರವನ್ನು ರಾಜ್ಯದ ಶಾಸನಸಭೆಗೆ ಒಯ್ದಿತು: 10,000 ಮೀರಿದ ಜನಸಂಖ್ಯೆಯ ಊರುಗಳು ಜೋಡಿ ಮನೆಗಳನ್ನೂ, 25,000 ಮೀರಿದವು ನಾಲ್ಕು ಮನೆಗಳವರೆಗಿನ ಕಟ್ಟಡಗಳನ್ನೂ ಬಿಡಲೇಬೇಕೆಂದಿತು.