ಬಝರ್‌ಬೀಟರ್ ಟಿಪ್ಪಣಿ: 48 ನಿಮಿಷ, ಸ್ವ್ಯಾಪ್ ಮತ್ತು ಡಿಫೆನ್ಸ್ ವಾದ

ಆನ್‌ಲೈನ್‌ನಲ್ಲಿ ಬಾಸ್ಕೆಟ್‌ಬಾಲ್ ತಂಡ ನಡೆಸುವ ಆಟ ಬಝರ್‌ಬೀಟರ್. ಅದನ್ನು ಆಡುವವರ ನಡುವೆ "ಯಾವ ಡಿಫೆನ್ಸ್ ಮೇಲು" ಎಂಬ ಚರ್ಚೆ ಒಮ್ಮೆ ಎದ್ದರೆ ಸುಲಭಕ್ಕೆ ತಣ್ಣಗಾಗುವುದಿಲ್ಲ. ಒಬ್ಬರು ಮ್ಯಾನ್ ಟು ಮ್ಯಾನ್ (ಒಬ್ಬನಿಗೆ ಒಬ್ಬ ಕಾವಲು) ಬಿಟ್ಟು ಕದಲುವುದಿಲ್ಲ, ಇನ್ನೊಬ್ಬರಿಗೆ 2-3 ಝೋನೇ (ಮುಂದೆ ಇಬ್ಬರು, ಬುಟ್ಟಿಯ ಬಳಿ ಮೂವರು ನಿಂತು ಜಾಗ ಕಾಯುವುದು) ಸರ್ವಸ್ವ. ಆದರೆ ಆ ವಾರ ಯಾವ ಸ್ಥಾನಕ್ಕೆ ತರಬೇತಿ ಇಟ್ಟಿದ್ದೀರಿ ಎಂಬುದನ್ನು ಹೇಳದೆ ಈ ವಾದಕ್ಕೆ ಅರ್ಥವಿಲ್ಲ. ತರಬೇತಿಗೆ ಬೇಕಾದ ನಿಮಿಷ, ಡಿಫೆನ್ಸ್‌ಗೆ ಬೇಕಾದ ಆಟಗಾರ, ಎರಡೂ ಬರುವುದು ಅದೇ ಲೈನಪ್‌ನಿಂದ, ಅಂದರೆ ಯಾರು ಯಾವ ಸ್ಥಾನದಲ್ಲಿ ಆಡಬೇಕೆಂಬ ಪಟ್ಟಿಯಿಂದ.

ನಿಮಿಷದ ಲೆಕ್ಕ

ವಾರಕ್ಕೆ ಒಂದೇ ತರಬೇತಿ. ಪೂರ್ತಿ ಫಲ ಸಿಗಬೇಕಾದರೆ ಆಟಗಾರ ಆ ತರಬೇತಿಯ ಸ್ಥಾನದಲ್ಲೇ 48 ನಿಮಿಷ ಆಡಿರಬೇಕು. ಕಡಿಮೆಯಾದರೆ ಫಲವೂ ಕಡಿಮೆ, ಹೆಚ್ಚಾದರೆ ಲಾಭವಿಲ್ಲ. ಪಂದ್ಯವೂ 48 ನಿಮಿಷದ್ದೇ. ವಾರಕ್ಕೆ ಮೂರು ಪಂದ್ಯವೆಂದರೆ ಒಂದು ಸ್ಥಾನಕ್ಕೆ 144 ನಿಮಿಷ, ಅಂದರೆ ಮೂವರಿಗೆ ಪೂರ್ತಿ ತರಬೇತಿ. ಎರಡು ಸ್ಥಾನದ ತರಬೇತಿ ಇಟ್ಟರೆ 288 ನಿಮಿಷ, ಆರು ಜನ. ಆದರೆ ತಲಾ ಸುಧಾರಣೆ ನಿಧಾನ. ವಾರದ ನಡುವಿನ ಸ್ನೇಹಪಂದ್ಯ ಗೊತ್ತುಮಾಡುವುದು ಮರೆತರೆ 144 ಇದ್ದದ್ದು 96ಕ್ಕೆ ಇಳಿಯುತ್ತದೆ, ಒಬ್ಬ ಹುಡುಗನ ವಾರ ಹಾಳು.

ಸ್ವ್ಯಾಪ್: ಗೊಂದಲದ ಜಾಗ

ಲೈನಪ್‌ನಲ್ಲಿ ಪ್ರತಿ ಸ್ಥಾನಕ್ಕೂ ಎರಡು ಮುಖವಿದೆ. ಆಕ್ರಮಣದಲ್ಲಿ ಎಲ್ಲಿ ಆಡುತ್ತಾನೆ ಎಂಬುದು ಒಂದು, ರಕ್ಷಣೆಯಲ್ಲಿ ಯಾರನ್ನು ಕಾಯುತ್ತಾನೆ ಎಂಬುದು ಇನ್ನೊಂದು. ಇವೆರಡೂ ಒಂದೇ ಆಗಬೇಕಿಲ್ಲ. ತರಬೇತಿಯ ನಿಮಿಷ ಎಣಿಕೆಯಾಗುವುದು ಆಕ್ರಮಣದ ಸ್ಥಾನಕ್ಕೆ ಮಾತ್ರ. ಯಾರನ್ನು ಕಾಯುತ್ತಾನೆ ಎಂಬುದನ್ನು ತರಬೇತಿ ನೋಡುವುದೇ ಇಲ್ಲ. ಔಟ್‌ಸೈಡ್ ಡಿಫೆನ್ಸ್ (ಬುಟ್ಟಿಯಿಂದ ದೂರದ ರಕ್ಷಣೆ) ತರಬೇತಿಯಾದರೂ ಸರಿ! ಹೆಸರಿನಲ್ಲೇ ಡಿಫೆನ್ಸ್ ಇರುವುದರಿಂದ, ಕಾಯುವ ಸ್ಥಾನಕ್ಕೇ ನಿಮಿಷ ಸಿಗುತ್ತದೆ ಎಂದು ಅನ್ನಿಸುವುದು ಸಹಜ. ಎಡವುವುದು ಅಲ್ಲೇ.

ಉದಾಹರಣೆ ನೋಡಿ. 18 ವರ್ಷದ ಎತ್ತರದ ಸೆಂಟರ್ (ಬುಟ್ಟಿಯ ಬಳಿ ಆಡುವವನು) ಒಬ್ಬನಿಗೆ ಔಟ್‌ಸೈಡ್ ಡಿಫೆನ್ಸ್ ಕಲಿಸಬೇಕು, ತರಬೇತಿ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ಸ್ಥಾನಕ್ಕೆ ಇದೆ. ಅವನನ್ನು ಪಾಯಿಂಟ್ ಗಾರ್ಡ್ ಜಾಗದಲ್ಲಿ ಬರೆಯಿರಿ. ನಿಜವಾದ ಗಾರ್ಡ್ ಅನ್ನು ಸೆಂಟರ್ ಜಾಗಕ್ಕೆ ಹಾಕಿ. ಈಗ ರಕ್ಷಣೆಯ ಜೋಡಿಯನ್ನು ಅದಲುಬದಲು ಮಾಡಿ (ಇದೇ ಸ್ವ್ಯಾಪ್): ಪಾಯಿಂಟ್ ಗಾರ್ಡ್ ಜಾಗದವನು ಎದುರಾಳಿ ಸೆಂಟರ್‌ನನ್ನು ಕಾಯಲಿ, ಸೆಂಟರ್ ಜಾಗದವನು ಎದುರಾಳಿ ಗಾರ್ಡ್‌ನನ್ನು. ರಕ್ಷಣೆಯಲ್ಲಿ ಇಬ್ಬರೂ ತಮಗೆ ಒಗ್ಗಿದ ಕೆಲಸದಲ್ಲೇ ಉಳಿದರು, ಹುಡುಗನ ಖಾತೆಗೆ ಪಾಯಿಂಟ್ ಗಾರ್ಡ್ ನಿಮಿಷ ಬಿತ್ತು.

ಅದಲುಬದಲು ಮಾಡದೆ ಬಿಟ್ಟರೆ? ಮ್ಯಾನ್ ಟು ಮ್ಯಾನ್‌ನಲ್ಲಿ ನಿಮ್ಮ ಗಿಡ್ಡ ಗಾರ್ಡ್ ಎದುರಾಳಿಯ ದೊಡ್ಡ ಸೆಂಟರ್‌ನ ಮುಂದೆ ನಿಂತಿರುತ್ತಾನೆ. ಇನ್‌ಸೈಡ್ ಡಿಫೆನ್ಸ್ (ಬುಟ್ಟಿಯಡಿಯ ರಕ್ಷಣೆ) ಇಲ್ಲದವನ ತಲೆಯ ಮೇಲೆ ಬುಟ್ಟಿಗೆ ಬುಟ್ಟಿ ಬೀಳುತ್ತದೆ. ಆಮೇಲೆ "ಮ್ಯಾನ್ ಟು ಮ್ಯಾನ್ ಪ್ರಯೋಜನವಿಲ್ಲ" ಎಂಬ ತೀರ್ಪು ಹೊರಡುತ್ತದೆ. ಪಾಪ, ಅದರ ತಪ್ಪೇನಿಲ್ಲ.

ಸ್ವ್ಯಾಪ್ ಪುಕ್ಕಟೆಯೂ ಅಲ್ಲ. ಆಕ್ರಮಣದಲ್ಲಿ ಹುಡುಗನೇ ಚೆಂಡು ತರಬೇಕು. ಹ್ಯಾಂಡ್ಲಿಂಗ್, ಪಾಸಿಂಗ್ ಕಡಿಮೆ ಇದ್ದರೆ ಟರ್ನೋವರ್ (ಚೆಂಡು ಎದುರಾಳಿಯ ಪಾಲಾಗುವುದು) ಏರುತ್ತದೆ, ತಂಡದ ಪಾಸ್‌ಗಳ ಹರಿವು ಕುಗ್ಗುತ್ತದೆ. ಅತ್ತ ಸೆಂಟರ್ ಜಾಗದ ಗಾರ್ಡ್‌ಗೆ ಬುಟ್ಟಿಯಡಿಯ ಹೊಡೆತಗಳು ಬಂದು ವ್ಯರ್ಥವಾಗುತ್ತವೆ. ಹಾಗಾಗಿ ಇಂಥ ವಾರದಲ್ಲಿ ಹುಡುಗನ 48 ನಿಮಿಷವನ್ನು ಸ್ನೇಹಪಂದ್ಯದಲ್ಲೇ ಮುಗಿಸುವುದು ಜಾಣತನ. ಲೀಗ್ ಪಂದ್ಯದಲ್ಲಿ ಆಡಿಸುವುದಾದರೆ ದುರ್ಬಲ ಎದುರಾಳಿ ಇರುವ ಪಂದ್ಯವನ್ನು ಆರಿಸಿ.

ಬದಲಿ ಆಟಗಾರನ ಸಾಲನ್ನೂ ಗಮನಿಸಿ. ಜೋಡಿ ನಿಗದಿಯಾಗುವುದು ಸ್ಥಾನಕ್ಕೆ, ಹೆಸರಿಗಲ್ಲ. ಸೆಂಟರ್ ಜಾಗದ ಬದಲಿಯಾಗಿ ಅಭ್ಯಾಸದಂತೆ ಒಬ್ಬ ದೊಡ್ಡವನನ್ನು ಬರೆದಿದ್ದರೆ, ಅವನು ಕಣಕ್ಕಿಳಿದ ಕೂಡಲೇ ಎದುರಾಳಿಯ ವೇಗದ ಗಾರ್ಡ್ ಹಿಂದೆ ಓಡಬೇಕಾಗುತ್ತದೆ. ಸ್ವ್ಯಾಪ್ ಇರುವ ಜಾಗದ ಬದಲಿಗಳನ್ನೂ ತಿರುವುಮುರುವಾಗಿಯೇ ಬರೆಯಬೇಕು. ಹುಡುಗನಿಗೆ ಪೂರ್ತಿ ಪಂದ್ಯ ಬೇಕಿದ್ದರೆ ಬದಲಿಯ ಜಾಗದಲ್ಲೂ ಅವನ ಹೆಸರೇ ಇರಲಿ, ಬದಲಾವಣೆಯನ್ನು ಕೋಚ್ ವಿವೇಚನೆಗೆ ಬಿಡದೆ ಪಟ್ಟಿಯಂತೆಯೇ ನಡೆಯುವ ಆಯ್ಕೆ ಒತ್ತಿ. ಫೌಲ್ ಆಗಿ ಹೊರಬಿದ್ದರೆ, ಗಾಯವಾದರೆ ಮಾತ್ರ ಏನೂ ಮಾಡಲಾಗದು. ಉಳಿದ ನಿಮಿಷಕ್ಕೆ ಮುಂದಿನ ಪಂದ್ಯದಲ್ಲಿ ಜಾಗ ಇಟ್ಟಿರಿ.

ಝೋನ್ ವಿಷಯ

2-3 ಝೋನ್ ಒಳಗಿನ ರಕ್ಷಣೆ ಮತ್ತು ರಿಬೌಂಡ್ (ತಪ್ಪಿದ ಹೊಡೆತದ ಚೆಂಡು ಹಿಡಿಯುವುದು) ಎರಡನ್ನೂ ಬಲಪಡಿಸುತ್ತದೆ, ಹೊರಗಿನ ಹೊಡೆತಕ್ಕೆ ಬಾಗಿಲು ತೆರೆಯುತ್ತದೆ. 3-2 ಇದರ ತಿರುವು. ನಿಜವಾದ ಕಣದಲ್ಲಿ ಝೋನ್ ಆಡುವವರಿಗೆ ರಿಬೌಂಡ್ ತಲೆನೋವು, ಏಕೆಂದರೆ ಯಾರನ್ನು ತಡೆದು ನಿಲ್ಲಬೇಕೆಂಬುದು ಗೊತ್ತುಪಡಿಸಿರುವುದಿಲ್ಲ. ಆ ಜ್ಞಾನವನ್ನು ನೇರ ಇಲ್ಲಿಗೆ ತಂದರೆ 2-3 ಬಗ್ಗೆ ತಪ್ಪು ಲೆಕ್ಕವಾಗುತ್ತದೆ. ಫುಲ್ ಕೋರ್ಟ್ ಪ್ರೆಸ್ (ಇಡೀ ಕಣದಲ್ಲಿ ಎದುರಾಳಿಯ ಬೆನ್ನು ಹತ್ತುವ ರಕ್ಷಣೆ) ಚೆಂಡು ಕಸಿಯುತ್ತದೆ, ಜೊತೆಗೆ ಫೌಲ್ ಮತ್ತು ದಣಿವನ್ನೂ ತರುತ್ತದೆ. 48 ನಿಮಿಷ ನಿಲ್ಲಬೇಕಾದ ಹುಡುಗ ಕಣದಲ್ಲಿರುವಾಗ ಅದು ಬೇಡವೇ ಬೇಡ.

ನನ್ನ ಒಲವು ಇಷ್ಟು: ಐವರೂ ತಕ್ಕಮಟ್ಟಿಗೆ ಸಮನಾಗಿದ್ದರೆ ಮ್ಯಾನ್ ಟು ಮ್ಯಾನ್. ತರಬೇತಿಯ ಹುಡುಗನೊಬ್ಬ ತೀರಾ ದುರ್ಬಲನಾಗಿದ್ದರೆ, ಮತ್ತು ಎದುರಾಳಿಯ ಬಲ ಒಳಗಿದ್ದರೆ, 2-3. ಹೊರಗಿನಿಂದ ಹೊಡೆಯುವ ತಂಡದ ಮುಂದೆ 2-3 ಹಾಕುವುದು ಹಟ ಅಷ್ಟೆ.

ಯಾರಿಗೆ ಯಾವುದು

ಎತ್ತರದವರು ಒಳಗಿನ ಕೌಶಲ ಬೇಗ ಕಲಿಯುತ್ತಾರೆ, ಗಿಡ್ಡವರು ಹೊರಗಿನದು. ವಯಸ್ಸು ಏರಿದಂತೆ ಎಲ್ಲವೂ ನಿಧಾನ. ಆದ್ದರಿಂದ ದೊಡ್ಡ ಹುಡುಗನಿಗೆ ಔಟ್‌ಸೈಡ್ ಡಿಫೆನ್ಸ್ ಬೇಕಿದ್ದರೆ 18-19ರಲ್ಲೇ ಮುಗಿಸಿ. ಇನ್‌ಸೈಡ್ ಡಿಫೆನ್ಸ್ ಆಮೇಲೂ ಬರುತ್ತದೆ. ಮೊದಲೇ ಒಳಗಿನ ಕೌಶಲ ತುಂಬಿಸಿದರೆ ಸೆಂಟರ್ ಲೆಕ್ಕದಲ್ಲಿ ಸಂಬಳ ಏರಿ ಕೂರುತ್ತದೆ, ಹೊರಗಿನದಕ್ಕೆ ವಯಸ್ಸು ಮೀರಿರುತ್ತದೆ.

ಪಂದ್ಯದ ಮುನ್ನ

ಎದುರಾಳಿಯ ಆಕ್ರಮಣ ಒಳಗೋ ಹೊರಗೋ, ವೇಗವೋ ನಿಧಾನವೋ ಎಂದು ಊಹೆ ನಮೂದಿಸುವ ಅವಕಾಶವಿದೆ. ಸರಿಯಾದರೆ ಲಾಭ, ತಪ್ಪಿದರೆ ದಂಡ. ಅವರ ಹಿಂದಿನ ಪಂದ್ಯಗಳಲ್ಲಿ ಲೋ ಪೋಸ್ಟ್ ಎಂಬ ಆಕ್ರಮಣ ತಂತ್ರ ಮತ್ತೆ ಮತ್ತೆ ಕಂಡರೆ ಒಳಗು, ನಿಧಾನ ಎಂದು ಹಾಕಿ. ರನ್ ಅಂಡ್ ಗನ್ ತಂತ್ರವಾದರೆ ಹೊರಗು, ವೇಗ. ಪ್ರತಿ ಪಂದ್ಯಕ್ಕೂ ತಂತ್ರ ಬದಲಿಸುವ ತಂಡವಾದರೆ ಆ ಜಾಗ ಖಾಲಿ ಬಿಡುವುದೇ ಲೇಸು.